ಹಳೆಯ ವಿಐ ಕೈಗೆ ಹತ್ತುವುದು ಹೇಗೆ? ಬಳಸಿದವರ ಅನುಭವ

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ಹೊಸ ಕೆಲಸಕ್ಕೆ ಸೇರಿ ಮೂರು ವಾರವಾಯಿತು. ಇಲ್ಲಿ ಹಳೆಯ ಯೂನಿಕ್ಸ್ ಯಂತ್ರವೊಂದು ಇನ್ನೂ ಓಡುತ್ತಿದೆ. ಅದರ ಕಾನ್ಫಿಗರೇಶನ್ ಫೈಲುಗಳನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಫೈಲು ತಿದ್ದಲು ಅದರಲ್ಲಿರುವುದು ಹಳೆಯ ವಿಐ (vi) ಎಂಬ ಎಡಿಟರ್ ಮಾತ್ರ. ಅದರ ಸುಧಾರಿತ ರೂಪವಾದ ವಿಮ್ ಇಲ್ಲ, ಹಾಕಿಕೊಳ್ಳಲು ಅನುಮತಿಯೂ ಇಲ್ಲ. ಕಾಲೇಜಿನಲ್ಲಿ ವಿಮ್ ಅಷ್ಟಿಷ್ಟು ಬಳಸಿದ್ದೆ, ಆದರೆ ಇಲ್ಲಿ ಯಾವುದೂ ಹಾಗೆ ನಡೆಯುತ್ತಿಲ್ಲ. ಟೈಪ್ ಮಾಡುತ್ತಿರುವಾಗ ಮೇಲಿನ ಬಾಣದ ಕೀ ಒತ್ತಿದರೆ ಹೊಸ ಸಾಲೊಂದು ಹುಟ್ಟಿ ಅದರಲ್ಲಿ ಕ್ಯಾಪಿಟಲ್ ಎ ಬಂದು ಕೂರುತ್ತದೆ. ಪದ ಬದಲಿಸಲು ಹೋದರೆ ಅದರ ಕೊನೆಯ ಅಕ್ಷರ ಹೋಗಿ ಡಾಲರ್ ಚಿಹ್ನೆ ಕಾಣಿಸುತ್ತದೆ. ಮಾಡಿದ್ದನ್ನು ರದ್ದು ಮಾಡುವ 'ಯು' ಎರಡು ಸಲ ಒತ್ತಿದರೆ ಸರಿಮಾಡಿದ್ದೇ ಮತ್ತೆ ಕೆಡುತ್ತದೆ. ಕಮಾಂಡುಗಳ ಪಟ್ಟಿಯನ್ನು ಪ್ರಿಂಟ್ ತೆಗೆದು ಮಾನಿಟರ್ ಪಕ್ಕ ಅಂಟಿಸಿಕೊಂಡಿದ್ದೇನೆ, ತಲೆಗೆ ಹತ್ತುತ್ತಿಲ್ಲ. ಎಲ್ಲಿಂದ ಶುರು ಮಾಡಲಿ? ಬಳಸಿದವರು ದಯವಿಟ್ಟು ಹೇಳಿ.

ಉತ್ತರ (ಮೈಸೂರಿನಿಂದ)

ಮೊದಲು ಆ ಪಟ್ಟಿಯನ್ನು ಗೋಡೆಯಿಂದ ಕಿತ್ತುಬಿಡಿ. ನಾನು ಕೆಲಸಕ್ಕೆ ಸೇರಿದ್ದು 1988ರಲ್ಲಿ, ನಾಲ್ಕು ಜನಕ್ಕೆ ಎರಡು ಟರ್ಮಿನಲ್ (ದೊಡ್ಡ ಯಂತ್ರಕ್ಕೆ ಜೋಡಿಸಿದ ಪರದೆ-ಕೀಬೋರ್ಡ್) ಇದ್ದ ಕಾಲ. ನಾನೂ ಪಟ್ಟಿ ಬಾಯಿಪಾಠ ಮಾಡಲು ಹೋಗಿ ತಿಂಗಳುಗಟ್ಟಲೆ ಕಳೆದುಕೊಂಡೆ. ವಿಐ ಅರ್ಥವಾಗಿದ್ದು ಅದು ಯಾವ ಯಂತ್ರದ ಮುಂದೆ ಕೂತು ಬರೆದದ್ದು ಎಂದು ತಿಳಿದ ಮೇಲೆ. ಅದಾದ ಮೇಲೆ ಒಂದೊಂದು ಕೀಗೂ ಕಾರಣ ಕಾಣಿಸತೊಡಗಿತು. ಕಾರಣ ಗೊತ್ತಿದ್ದದ್ದು ಮರೆಯುವುದಿಲ್ಲ.

(ಕೀಗಳ ಹೆಸರನ್ನು ಕನ್ನಡದಲ್ಲೇ ಬರೆಯುತ್ತೇನೆ. ಕ್ಯಾಪಿಟಲ್ ಎಂದು ಹೇಳದಿದ್ದರೆ ಅದು ಸಣ್ಣ ಅಕ್ಷರ.)

ಯೂನಿಕ್ಸ್‌ನ ಮೊದಲ ಎಡಿಟರ್ 'ಇಡಿ'. ಬರೆದವರು ಕೆನ್ ಥಾಂಪ್ಸನ್. ಅದು ಕಾಗದದ ಮೇಲೆ ಅಚ್ಚು ಹೊಡೆಯುವ ಟೆಲಿಟೈಪಿಗೆ ಹೊಂದುವ, ಸಾಲು ಸಾಲಾಗಿ ತಿದ್ದುವ ಎಡಿಟರ್. ನೀವು ಕೇಳಿದ ಸಾಲನ್ನಷ್ಟೇ ತೋರಿಸುತ್ತದೆ, ತಪ್ಪು ಮಾಡಿದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಸುಮ್ಮನಾಗುತ್ತದೆ. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೌಲೂರಿಸ್ ಇದನ್ನು ಪರದೆಗೆ ಒಗ್ಗಿಸಿ 'ಇಎಂ' ಎಂಬ ಎಡಿಟರ್ ಮಾಡಿದ್ದರು. 1976ರಲ್ಲಿ ಅವರು ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ ಹೋದಾಗ ಅದು ಬಿಲ್ ಜಾಯ್ ಕಣ್ಣಿಗೆ ಬಿತ್ತು. ಆಗ ಜಾಯ್ ಅಲ್ಲಿ ವಿದ್ಯಾರ್ಥಿ. ಚಕ್ ಹೇಲಿ ಜೊತೆ ಸೇರಿ ಶುರುಮಾಡಿದ ಕೆಲಸ 'ಇಎಕ್ಸ್' ಎಂಬ ಎಡಿಟರ್ ಆಯಿತು. ಅದಕ್ಕೇ ಇಡೀ ಪರದೆ ತುಂಬ ಫೈಲನ್ನು ತೋರಿಸುವ 'ವಿಶುಯಲ್' ಎಂಬ ನಡೆಯನ್ನು (ಮೋಡ್) ಜಾಯ್ ಸೇರಿಸಿದರು. ಆ ಪದದ ಮೊದಲ ಎರಡು ಅಕ್ಷರಗಳೇ ವಿಐ. ಬರ್ಕ್‌ಲಿಯವರು ಹಂಚುತ್ತಿದ್ದ ಯೂನಿಕ್ಸ್ ಸಾಫ್ಟ್‌ವೇರಿನ 1979ರ ಎರಡನೇ ಆವೃತ್ತಿಯಲ್ಲಿ ವಿಐ ಎಂದೇ ಕರೆದು ತೆರೆಯುವಂತಾಯಿತು. ಕೋಲನ್ ಒತ್ತಿದಾಗ ಕೆಳಗೆ ಒಂದು ಸಾಲು ತೆರೆಯುತ್ತದಲ್ಲ, ಅಲ್ಲಿ ನೀವು ಮಾತಾಡುತ್ತಿರುವುದು ಆ ಹಳೆಯ ಇಎಕ್ಸ್ ಜೊತೆಗೇ. ಎರಡೂ ಒಂದೇ ಪ್ರೋಗ್ರಾಮ್.

ಈಗ ನಿಮ್ಮ ಡಾಲರ್ ಚಿಹ್ನೆ. ಜಾಯ್ ಮನೆಯಿಂದ ಕೆಲಸ ಮಾಡುತ್ತಿದ್ದದ್ದು ಫೋನ್ ಲೈನಿನ 300 ಬಾಡ್ ಮೋಡೆಮಿನಲ್ಲಿ. ಅಂದರೆ ಸೆಕೆಂಡಿಗೆ 30 ಅಕ್ಷರ. ಪರದೆಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920. ಇಡೀ ಪರದೆ ಒಮ್ಮೆ ತುಂಬಲು ಒಂದು ನಿಮಿಷದ ಮೇಲೆ ನಾಲ್ಕು ಸೆಕೆಂಡು ಬೇಕು. ಇಂಥ ಲೈನಿನಲ್ಲಿ ಸಾಲಿನ ನಡುವಿನ ಒಂದು ಪದ ಅಳಿಸಿ, ಉಳಿದದ್ದನ್ನು ಎಡಕ್ಕೆ ಎಳೆದು, ನೀವು ಒಂದೊಂದು ಅಕ್ಷರ ಒತ್ತಿದಾಗಲೂ ಮತ್ತೆ ಬಲಕ್ಕೆ ತಳ್ಳುತ್ತಾ ಹೋದರೆ ಕೆಲಸ ಮುಗಿದ ಹಾಗೆ! ಅದಕ್ಕೇ ಪದ ಬದಲಿಸುವ 'ಸಿಡಬ್ಲ್ಯೂ' ಒತ್ತಿದಾಗ ವಿಐ ಏನನ್ನೂ ಅಳಿಸುವುದಿಲ್ಲ. ಪದದ ಕೊನೆಯ ಅಕ್ಷರದ ಮೇಲೆ ಒಂದು ಡಾಲರ್ ಚಿಹ್ನೆ ಇಟ್ಟು, ಇಲ್ಲಿವರೆಗೆ ಹೋಗಲಿದೆ ಎಂದು ತೋರಿಸುತ್ತದೆ, ಅಷ್ಟೆ. ಹಳೆಯ ಪದದ ಮೇಲೆಯೇ ಹೊಸದನ್ನು ಬರೆಯುತ್ತಾ ಹೋಗಿ. ಎಸ್ಕೇಪ್ ಒತ್ತಿದ ಮೇಲೆ ಒಂದೇ ಸಲಕ್ಕೆ ಸಾಲು ಸರಿಯಾಗುತ್ತದೆ. ಒಂದು ಅಕ್ಷರದ ಖರ್ಚಿನಲ್ಲಿ ಕೆಲಸ ಮುಗಿಸಿದ ಆ ಜಾಣ್ಮೆಗೆ ನಾನು ಇಂದಿಗೂ ಕೈಮುಗಿಯುತ್ತೇನೆ.

ಸಾಲು ಅಳಿಸಿದಾಗ ಆ ಜಾಗದಲ್ಲಿ ಬರಿಯ '@' ಕಂಡರೂ ಇದೇ ಕಾರಣ. ಕೆಳಗಿನದನ್ನು ಮೇಲೆ ಎಳೆದು ತೋರಿಸುವ ಶಕ್ತಿ ಟರ್ಮಿನಲ್‌ಗೆ ಇಲ್ಲದಿದ್ದರೆ ಸಾಲು ಹೋಗಿದೆ ಎಂಬ ಗುರುತು ಹಾಕಿ ಮುಂದೆ ಹೋಗುತ್ತದೆ. ಅದು ನಿಮ್ಮ ಫೈಲಿನಲ್ಲಿ ಸೇರುವುದಿಲ್ಲ, ಹೆದರಬೇಡಿ. ಪರದೆ ಗೊಂದಲವಾದರೆ ಕಂಟ್ರೋಲ್-ಎಲ್ ಒತ್ತಿ, ಹೊಸದಾಗಿ ಬರೆದು ತೋರಿಸುತ್ತದೆ. ಲೈನಿನ ವೇಗ ನೋಡಿ ಎಷ್ಟು ಸಾಲು ತೋರಿಸಬೇಕೆಂದು ಕೂಡ ಅದೇ ತೀರ್ಮಾನಿಸುತ್ತಿತ್ತು: ನಿಧಾನದ ಲೈನಿನಲ್ಲಿ 8, 1200 ಬಾಡ್ ಇದ್ದರೆ 16, ಅದಕ್ಕಿಂತ ವೇಗವಿದ್ದರೆ ಪೂರ್ತಿ.

ಫೈಲಿನಲ್ಲಿ ಓಡಾಡಲು ಎಚ್, ಜೆ, ಕೆ, ಎಲ್ ಏಕೆ? ಜಾಯ್ ಮುಂದಿದ್ದದ್ದು ಎಡಿಎಂ-3ಎ ಎಂಬ ಟರ್ಮಿನಲ್. ಅದರಲ್ಲಿ ಪ್ರತ್ಯೇಕ ಬಾಣದ ಕೀಗಳೇ ಇರಲಿಲ್ಲ. ಆ ನಾಲ್ಕು ಅಕ್ಷರಗಳ ಕೀ ಮೇಲೆಯೇ ಬಾಣ ಅಚ್ಚಾಗಿತ್ತು. ಎಸ್ಕೇಪ್ ಇದ್ದದ್ದು ಕ್ಯೂ ಪಕ್ಕದಲ್ಲಿ, ಇಂದು ಟ್ಯಾಬ್ ಇರುವ ಕಡೆ, ಕಿರುಬೆರಳಿಗೆ ಎಟಕುವಂತೆ. ಇಂದಿನ ಕೀಬೋರ್ಡಿನಲ್ಲಿ ಎಸ್ಕೇಪ್ ಒತ್ತಲು ಕೈ ಎತ್ತಬೇಕು ಎಂದು ಬೇಸರವಾದರೆ, ಅದು ವಿಐ ತಪ್ಪಲ್ಲ.

ಕಲಿಯಬೇಕಾದದ್ದು ಇಷ್ಟು: ಏನು ಮಾಡಬೇಕು ಎನ್ನುವುದಕ್ಕೆ ಒಂದು ಕೀ, ಎಲ್ಲಿವರೆಗೆ ಎನ್ನುವುದಕ್ಕೆ ಇನ್ನೊಂದು ಕೀ. ಡಿ ಅಂದರೆ ಅಳಿಸು, ಸಿ ಅಂದರೆ ಬದಲಿಸು, ವೈ ಅಂದರೆ ಪ್ರತಿ ತೆಗೆದುಕೋ. ಡಬ್ಲ್ಯೂ ಅಂದರೆ ಮುಂದಿನ ಪದದವರೆಗೆ, ಡಾಲರ್ ಅಂದರೆ ಸಾಲಿನ ಕೊನೆವರೆಗೆ, '}' ಅಂದರೆ ಪ್ಯಾರಾ ಕೊನೆವರೆಗೆ, ಕ್ಯಾಪಿಟಲ್ ಜಿ ಅಂದರೆ ಫೈಲಿನ ಕೊನೆವರೆಗೆ, '%' ಅಂದರೆ ಜೋಡಿ ಆವರಣದವರೆಗೆ. ನಾವು ಕನ್ನಡದಲ್ಲಿ 'ಸಾಲಿನ ಕೊನೆವರೆಗೆ ಅಳಿಸು' ಎಂದು ಕ್ರಿಯಾಪದವನ್ನು ಕೊನೆಗೆ ಇಡುತ್ತೇವೆ, ವಿಐನಲ್ಲಿ ಅದು ಮೊದಲು ಬರುತ್ತದೆ. ವ್ಯತ್ಯಾಸ ಅಷ್ಟೇ. ಮೂರು ಕ್ರಿಯಾಪದ, ಐದು 'ವರೆಗೆ' ಕಲಿತರೆ ಹದಿನೈದು ಕಮಾಂಡು ಆಯಿತಲ್ಲ? ಆಮೇಲೆ ಚುಕ್ಕೆ. ಕೊನೆಗೆ ಮಾಡಿದ ಬದಲಾವಣೆಯನ್ನು ಅದು ಮತ್ತೆ ಮಾಡುತ್ತದೆ. ಒಂದು ಪದ ಹುಡುಕಿ, 'ಸಿಡಬ್ಲ್ಯೂ'ನಿಂದ ಬದಲಿಸಿ, ಎಸ್ಕೇಪ್. ಮುಂದಿನದಕ್ಕೆ 'ಎನ್', ಬದಲಿಸಬೇಕೆನಿಸಿದರೆ ಚುಕ್ಕೆ, ಬೇಡವಾದರೆ ಮತ್ತೆ 'ಎನ್'. ನನ್ನ ಅರ್ಧ ಕೆಲಸ ಇದರಲ್ಲೇ ಮುಗಿಯುತ್ತಿತ್ತು.

ಉತ್ತರ (ಬೆಳಗಾವಿಯಿಂದ)

ಮೇಡಂ ಹೇಳಿದ್ದು ಸರಿ. ನಾನು ನೆಟ್‌ವರ್ಕ್ ಕೆಲಸದವನು, ಬಾಣದ ಕೀ ವಿಚಾರ ನಾನು ಹೇಳುತ್ತೇನೆ.

ಮೇಲಿನ ಬಾಣ ಒತ್ತಿದಾಗ ನಿಮ್ಮ ಕಂಪ್ಯೂಟರ್ ಕಳಿಸುವುದು ಒಂದು ಸಂಕೇತವನ್ನಲ್ಲ, ಮೂರನ್ನು. ಮೊದಲು ಎಸ್ಕೇಪ್, ಆಮೇಲೆ ಕ್ಯಾಪಿಟಲ್ ಓ, ಆಮೇಲೆ ಕ್ಯಾಪಿಟಲ್ ಎ. ಮೂರನ್ನೂ ಒಟ್ಟಾಗಿ ಬಾಣ ಎಂದು ಗುರುತಿಸದ ವಿಐ ಅವನ್ನು ಒಂದೊಂದಾಗಿ ಪಾಲಿಸುತ್ತದೆ. ಎಸ್ಕೇಪ್ ಬಂತು, ಒತ್ತಿದ್ದು ಅಕ್ಷರವಾಗಿ ಬೀಳುವ 'ಬರೆಯುವ ನಡೆ'ಯಿಂದ ಹೊರಗೆ, ಒತ್ತಿದ್ದು ಆಜ್ಞೆಯಾಗುವ 'ಕಮಾಂಡ್ ನಡೆ'ಗೆ ಬಂದಿತು. ಕ್ಯಾಪಿಟಲ್ ಓ ಬಂತು, ಅಂದರೆ 'ಮೇಲೆ ಹೊಸ ಸಾಲು ತೆರೆ'. ಎ ಬಂತು, ಅದನ್ನು ಆ ಸಾಲಿನಲ್ಲಿ ಬರೆಯಿತು. ನಿಮ್ಮ ಪರದೆಯಲ್ಲಿ ಆಗುತ್ತಿರುವುದು ಅಕ್ಷರಶಃ ಇದೇ. ಕೆಳಗಿನ ಬಾಣಕ್ಕೆ ಬಿ, ಬಲಕ್ಕೆ ಸಿ, ಎಡಕ್ಕೆ ಡಿ ಬೀಳುತ್ತದೆ, ಒತ್ತಿ ನೋಡಿ. ಬಾಣದ ಕೀ, ಫಂಕ್ಷನ್ ಕೀ, ಮ್ಯಾಕ್ರೋಗಳನ್ನು (ಒಂದೇ ಕೀಗೆ ಕಟ್ಟಿದ ಕಮಾಂಡುಗಳ ಸರಣಿ) ವಿಐಗೆ ಸೇರಿಸಿದ್ದು ಜಾಯ್ ನಂತರ ಅದನ್ನು ನೋಡಿಕೊಂಡ ಮೇರಿ ಆನ್ ಹಾರ್ಟನ್. ಅಲ್ಲಿಂದ ಬಾಣ ಕಮಾಂಡ್ ನಡೆಯಲ್ಲಿ ಕೆಲಸ ಮಾಡುತ್ತದೆ. ಬರೆಯುವ ನಡೆಯಲ್ಲಿ ನಂಬಬೇಡಿ. ಎಸ್ಕೇಪ್ ಒತ್ತಿ, ಆಮೇಲೆ ಓಡಾಡಿ.

ಟರ್ಮಿನಲ್ ಯಾವುದೆಂದು ವಿಐಗೆ ತಪ್ಪಾಗಿ ತಿಳಿದಿದ್ದರೂ ಇಂಥ ಅವಾಂತರ ಆಗುತ್ತದೆ. ಲಾಗಿನ್ ಆದ ಕೂಡಲೇ ಟರ್ಮ್ (TERM) ಎಂಬ ವೇರಿಯಬಲ್‌ನಲ್ಲಿ ಏನಿದೆ ನೋಡಿ. ಆ ಯಂತ್ರಕ್ಕೆ ಗೊತ್ತಿಲ್ಲದ ಹೆಸರಿದ್ದರೆ ವಿಟಿ100 ಎಂಬ ಹಳೆಯ ಟರ್ಮಿನಲ್ ಹೆಸರು ಕೊಡಿ, ಸಾಮಾನ್ಯವಾಗಿ ಎಲ್ಲ ಕಡೆ ನಡೆಯುತ್ತದೆ.

ಇನ್ನು ನನಗೆ ಬಿದ್ದ ಎರಡು ಪೆಟ್ಟು. ಕ್ಯಾಪ್ಸ್ ಲಾಕ್ ಬಿದ್ದಿರುವುದನ್ನು ನೋಡದೆ ಕೆಳಗೆ ಹೋಗಲು ಜೆ ಒತ್ತುತ್ತಾ ಹೋದೆ. ಕ್ಯಾಪಿಟಲ್ ಜೆ ಅಂದರೆ ಕೆಳಗಿನ ಸಾಲನ್ನು ಮೇಲಿನದಕ್ಕೆ ಅಂಟಿಸು. ಹನ್ನೆರಡು ಸಾಲು ಒಂದಾಗಿ ಹೋದವು, 'ಯು' ಒತ್ತಿದರೆ ಕೊನೆಯದೊಂದೇ ಬಿಡಿಸಿಕೊಂಡಿತು. ಆಗ ಗಾಬರಿಯಲ್ಲಿ ಸೇವ್ ಮಾಡಿಬಿಟ್ಟೆ. ಮಾಡಬೇಕಾಗಿದ್ದದ್ದು ':ಇ!' ಅಷ್ಟೆ. ಡಿಸ್ಕಿನಲ್ಲಿರುವ ಫೈಲನ್ನು ಅದು ಹೊಸದಾಗಿ ಓದಿಕೊಳ್ಳುತ್ತದೆ. ಎರಡನೆಯದು, ಸೇವ್ ಮಾಡುವ ಅಭ್ಯಾಸದಲ್ಲಿ ಕಂಟ್ರೋಲ್-ಎಸ್ ಒತ್ತಿದೆ. ಪರದೆ ಕಲ್ಲಾಯಿತು. ಲೈನ್ ಹೋಯಿತೆಂದು ಕಿಟಕಿ ಮುಚ್ಚಿದೆ. ಅದು ಟರ್ಮಿನಲ್‌ಗೆ 'ನಿಲ್ಲು' ಎನ್ನುವ ಸಂಕೇತ. ಕಂಟ್ರೋಲ್-ಕ್ಯೂ ಒತ್ತಿದ್ದರೆ ಮತ್ತೆ ಓಡುತ್ತಿತ್ತು.

ಮರುಪ್ರಶ್ನೆ (ದಾವಣಗೆರೆಯಿಂದ)

ಮೇಡಂ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಓ-ಎ ವಿಷಯ ಓದಿ ಕೂಡಲೇ ಹೋಗಿ ಕೆಳಗಿನ ಬಾಣ ಒತ್ತಿ ನೋಡಿದೆ, ಬಿ ಬಿತ್ತು! 'ಯು' ಒಂದೇ ಹೆಜ್ಜೆ ಹಿಂದೆ ಹೋಗುತ್ತದೆ ಎಂದಾದರೆ, ನಾಲ್ಕು ಕಡೆ ಸಾಲು ಅಳಿಸಿದ ಮೇಲೆ ಮೊದಲನೆಯದು ಬೇಕಿತ್ತು ಎಂದು ಗೊತ್ತಾದರೆ? ಎಲ್ಲ ಬಿಟ್ಟು ':ಇ!' ಮಾಡಿದರೆ ನಡುವೆ ಮಾಡಿದ ಒಳ್ಳೆ ಕೆಲಸವೂ ಹೋಗುತ್ತದಲ್ಲ?

ಉತ್ತರ (ಮೈಸೂರಿನಿಂದ)

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಬಹಳ ಜನ ಇದನ್ನು ತಿಳಿಯದೆಯೇ ವರ್ಷಗಟ್ಟಲೆ ಬಳಸುತ್ತಾರೆ.

ಹಳೆಯ ವಿಐನಲ್ಲಿ 'ಯು' ಕೊನೆಯ ಬದಲಾವಣೆಯನ್ನು ರದ್ದು ಮಾಡುತ್ತದೆ, ಮತ್ತೆ ಒತ್ತಿದರೆ ಆ ರದ್ದತಿಯನ್ನೇ ರದ್ದು ಮಾಡುತ್ತದೆ. ಕ್ಯಾಪಿಟಲ್ ಯು ಬೇರೆ. ನೀವು ನಿಂತಿರುವ ಸಾಲನ್ನು ಅದು ಮೊದಲಿನಂತೆ ಮಾಡುತ್ತದೆ, ಎಷ್ಟು ಬದಲಾವಣೆ ಆಗಿದ್ದರೂ ಸರಿ. ಆದರೆ ಆ ಸಾಲು ಬಿಟ್ಟು ಹೋಗಿರಬಾರದು. ಎಷ್ಟು ಹೆಜ್ಜೆ ಬೇಕಾದರೂ ಹಿಂದೆ ಹೋಗುವ ಸೌಲಭ್ಯ ವಿಮ್‌ನಿಂದ ನಿಮಗೆ ಅಭ್ಯಾಸವಾದದ್ದು. 1991ರಲ್ಲಿ ಬ್ರಾಮ್ ಮೂಲೆನಾರ್ ಅಮಿಗಾ ಕಂಪ್ಯೂಟರಿಗೆಂದು ವಿಮ್ ಹೊರತಂದರು.

ಆದರೆ ನೀವು ಅಳಿಸಿದ ಇಡೀ ಸಾಲುಗಳು ಎಲ್ಲೂ ಹೋಗಿರುವುದಿಲ್ಲ. ಕೊನೆಯ ಒಂಬತ್ತು ಸಲ ಅಳಿಸಿದ್ದನ್ನು ವಿಐ 1ರಿಂದ 9ರವರೆಗೆ ನಂಬರು ಹಾಕಿ ಇಟ್ಟುಕೊಂಡಿರುತ್ತದೆ. 1 ತೀರಾ ಇತ್ತೀಚಿನದು. ಡಬಲ್ ಕೋಟ್, 1, ಪಿ ಒತ್ತಿದರೆ ಅದು ಬಂದು ಕೂರುತ್ತದೆ. ಇದಲ್ಲ ಅನಿಸಿದರೆ 'ಯು' ಒತ್ತಿ ತೆಗೆಯಿರಿ. ಈಗ ಚುಕ್ಕೆ ಒತ್ತಿ. ಸಾಮಾನ್ಯವಾಗಿ ಚುಕ್ಕೆ ಮಾಡಿದ್ದನ್ನೇ ಮಾಡುತ್ತದೆ, ಇಲ್ಲಿ ಮಾತ್ರ ನಂಬರನ್ನು ತಾನೇ ಒಂದು ಏರಿಸಿಕೊಂಡು 2ರಲ್ಲಿರುವುದನ್ನು ತರುತ್ತದೆ. ಯು, ಚುಕ್ಕೆ, ಯು, ಚುಕ್ಕೆ ಎಂದು ಹೋಗುತ್ತಿದ್ದರೆ ನೀವು ಕಳೆದುಕೊಂಡದ್ದು ಒಂದೊಂದಾಗಿ ಕಣ್ಣ ಮುಂದೆ ಬರುತ್ತದೆ. ಬೇಕಾದದ್ದು ಬಂದಾಗ ನಿಲ್ಲಿಸಿ. ಒಂದು ಎಚ್ಚರಿಕೆ: ಸಾಲಿನೊಳಗಿನ ಚೂರುಪಾರು ಅಳಿಸಿದ್ದು ಈ ನಂಬರಿನ ಸಾಲಿಗೆ ಸೇರುವುದಿಲ್ಲ.

ಮುಖ್ಯವಾದದ್ದನ್ನು ಹೆಸರಿಟ್ಟೇ ಇಟ್ಟುಕೊಳ್ಳಬಹುದು. ಎ-ಯಿಂದ ಝಡ್‌ವರೆಗೆ 26 ಡಬ್ಬಿಗಳಿವೆ ಎಂದುಕೊಳ್ಳಿ. ಡಬಲ್ ಕೋಟ್, ಎ, ವೈವೈ ಎಂದರೆ ಈ ಸಾಲು ಎ ಡಬ್ಬಿಗೆ. ಕ್ಯಾಪಿಟಲ್ ಎ ಹೇಳಿದರೆ ಇದ್ದದ್ದರ ಹಿಂದೆ ಸೇರಿಸುತ್ತದೆ. ಹತ್ತು ಕಡೆಯಿಂದ ಸಾಲು ಆಯ್ದು ಒಂದು ಕಡೆ ಸುರಿಯಲು ಇದಕ್ಕಿಂತ ಒಳ್ಳೆ ದಾರಿ ನಾನು ಕಂಡಿಲ್ಲ.

ಲೈನ್ ಕಡಿದರೆ? ಬೆಳಗಾವಿಯವರು ಕಿಟಕಿ ಮುಚ್ಚಿದ್ದಾಗಲೂ ಅವರ ಕೆಲಸ ಉಳಿದಿರುವ ಸಾಧ್ಯತೆ ಹೆಚ್ಚು. ಸಂಪರ್ಕ ತಪ್ಪಿದ ಸೂಚನೆ ಸಿಕ್ಕ ಕೂಡಲೇ ವಿಐ ನಿಮ್ಮ ಅರ್ಧ ಮುಗಿದ ಕೆಲಸವನ್ನು ಎತ್ತಿಟ್ಟು, ಅದನ್ನು ಹೇಗೆ ಪಡೆಯಬೇಕೆಂದು ನಿಮಗೊಂದು ಮೇಲ್ ಕೂಡ ಹಾಕುತ್ತದೆ. ವಿಐ, ಸ್ಪೇಸ್, ಮೈನಸ್-ಆರ್ ಎಂದಷ್ಟೇ ಕೊಟ್ಟರೆ ಉಳಿಸಿದ ಫೈಲುಗಳ ಪಟ್ಟಿ, ಮುಂದೆ ಫೈಲಿನ ಹೆಸರು ಕೊಟ್ಟರೆ ಆ ಫೈಲು. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತಿದ್ದ ಕಾಲದಲ್ಲಿ, ಟರ್ಮಿನಲ್ ಆರಿ ಯಂತ್ರ ಮಾತ್ರ ಯುಪಿಎಸ್ ಮೇಲೆ ಉಳಿದಿದ್ದ ದಿನಗಳಲ್ಲಿ, ಆ ಮೇಲ್ ನೋಡಿ ನಾನು ಕಣ್ಣೀರು ಒರೆಸಿಕೊಂಡದ್ದಿದೆ. ಅದು ಒಂದು ಇಡೀ ಮಧ್ಯಾಹ್ನದ ಕೆಲಸವಾಗಿತ್ತು.

ಉತ್ತರ (ಮಂಗಳೂರಿನಿಂದ)

ಒಂದು ಮಾತು ಸೇರಿಸಬೇಕು. ಆ ಫೈಲುಗಳಲ್ಲಿ ಕನ್ನಡ ಅಕ್ಷರ ಇದ್ದರೆ ಮೊದಲು ಪ್ರತಿ ಇಟ್ಟುಕೊಳ್ಳಿ. ಬರ್ಕ್‌ಲಿಯ ಮೂಲ ವಿಐ ಪ್ರತಿ ಅಕ್ಷರದ ಎಂಟನೇ ಬಿಟ್ಟನ್ನು ತನ್ನ ಸ್ವಂತ ಗುರುತಿಗೆ ಬಳಸಿಕೊಳ್ಳುತ್ತಿತ್ತು. ಇಂಗ್ಲಿಷ್ ಅಕ್ಷರಗಳಿಗೆ ಏಳು ಬಿಟ್ ಸಾಕು, ಯೂನಿಕೋಡ್ ಕನ್ನಡಕ್ಕೆ ಎಂಟನೆಯದೂ ಬೇಕು. ಆ ತಳಿಯ ವಿಐನಲ್ಲಿ ತೆರೆದು ಸೇವ್ ಮಾಡಿದರೆ ಕನ್ನಡ ಹಾಳು. ವಿಮ್‌ನಲ್ಲಿ ಈ ತೊಂದರೆ ಇಲ್ಲ, ಆದರೆ ಅಲ್ಲಿ ಬೇರೆ ಕಿರಿಕಿರಿ: ಕೀಬೋರ್ಡ್ ಕನ್ನಡದಲ್ಲಿದ್ದಾಗ ಎಸ್ಕೇಪ್ ಒತ್ತಿ ಜೆ ಒತ್ತಿದರೆ ಹೋಗುವುದು ಕನ್ನಡ ಅಕ್ಷರ, ಕಮಾಂಡು ಅಲ್ಲ. ನಾನು ಎಸ್ಕೇಪ್ ಜೊತೆಗೇ ಭಾಷೆ ಬದಲಿಸುವ ಕೀಯನ್ನೂ ಒತ್ತುವ ಅಭ್ಯಾಸ ಮಾಡಿಕೊಂಡೆ.

ಫೈಲಿನ ಒಂದು ಪ್ಯಾರಾವನ್ನು ವಿಂಗಡಿಸಬೇಕಾದರೆ '!', '}', ಆಮೇಲೆ ಸಾರ್ಟ್ (sort) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಆ ಪ್ಯಾರಾ ಹೊರಗಿನ ಪ್ರೋಗ್ರಾಮಿಗೆ ಹೋಗಿ, ವಿಂಗಡವಾಗಿ, ಅದೇ ಜಾಗಕ್ಕೆ ಮರಳಿ ಬರುತ್ತದೆ. ಮೇಡಂ ಹೇಳಿದ ಕ್ರಿಯಾಪದಗಳ ಜೊತೆ ಇದನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರಿಂದ (ದಾವಣಗೆರೆ)

ಇವತ್ತು ಬೆಳಿಗ್ಗೆ ಪರೀಕ್ಷೆಗೆಂದು ಒಂದು ಫೈಲಿನ ಪ್ರತಿ ಮಾಡಿ, ಐದು ಕಡೆ ಸಾಲು ಅಳಿಸಿ, ಡಬಲ್ ಕೋಟ್-1-ಪಿ ಹೊಡೆದೆ. ಯು, ಚುಕ್ಕೆ, ಯು, ಚುಕ್ಕೆ. ಐದನೆಯದಕ್ಕೆ ಮೊದಲು ಅಳಿಸಿದ ಸಾಲು ಹಾಗೇ ಬಂದು ನಿಂತಿತು. ಪಕ್ಕದ ಸೀಟಿನವರನ್ನು ಕರೆದು ತೋರಿಸಿದೆ. ಅವರು ಏಳು ವರ್ಷದಿಂದ ಇದೇ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದಾರೆ. ಇನ್ನೊಮ್ಮೆ ಮಾಡಿ ತೋರಿಸಿ ಎಂದು ಕುರ್ಚಿ ಎಳೆದುಕೊಂಡು ಕೂತರು. ಗೋಡೆಯ ಪಟ್ಟಿ ಕಿತ್ತಾಯಿತು. ಆ ಜಾಗದಲ್ಲಿ ಮೂರು ಕ್ರಿಯಾಪದ, ಐದು 'ವರೆಗೆ' ಬರೆದ ಚೀಟಿ ಇದೆ. ಕ್ರಿಯಾಪದಗಳ ಕೆಳಗೆ ಈಗಷ್ಟೇ '!' ಸೇರಿಸಿದೆ.