ಅಪ್ಪ-ಅಮ್ಮನ ಮಂಚಕ್ಕೆ ಯಾವ ಹಾಸಿಗೆ ತರಲಿ? ಬಳಸಿದವರು ದಯವಿಟ್ಟು ಹೇಳಿ

ಎಲ್ಲರಿಗೂ ನಮಸ್ಕಾರ. ತರೀಕೆರೆಯಲ್ಲಿರುವ ಅಪ್ಪ-ಅಮ್ಮನಿಗೆ ಹೊಸ ಹಾಸಿಗೆ ಕೊಡಿಸಬೇಕು. ಅಪ್ಪನಿಗೆ 68, ಅಮ್ಮನಿಗೆ 62. ಈಗಿರುವುದು ಹದಿನೈದು ವರ್ಷದ ನಾರಿನ ಹಾಸಿಗೆ, ನಡುವೆ ಗುಂಡಿ ಬಿದ್ದಿದೆ. ಅಮ್ಮನಿಗೆ ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ, ಗೋಡೆ ಹಿಡಿದು ಎರಡು ಹೆಜ್ಜೆ ಹಾಕಿದ ಮೇಲೆ ಸರಿಹೋಗುತ್ತದೆ. ಮಂಚ ಊರಿನ ಬಡಗಿ ಮಾಡಿದ ಸಾಗವಾನಿಯದು, ಅದನ್ನು ಬದಲಾಯಿಸುವುದಿಲ್ಲ. ಹದಿನೈದು ಸಾವಿರದ ಆಸುಪಾಸು ಖರ್ಚು ಮಾಡಬಲ್ಲೆ. ಭಾನುವಾರ ಮೂರು ಅಂಗಡಿ ಸುತ್ತಿದೆ. ಆರ್ಥೋ, ಮೆಮೊರಿ ಫೋಮ್, ಪಾಕೆಟ್ ಸ್ಪ್ರಿಂಗ್, ಲೇಟೆಕ್ಸ್ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಆದರೆ ಸೊಂಟನೋವಿಗೆ ಆರ್ಥೋ ಬಿಟ್ಟು ಬೇರೆ ನೋಡಲೇಬೇಡಿ ಎಂದು ಮೂವರೂ ಹೇಳಿದರು. ನಿಮ್ಮ ಅನುಭವ ಏನು?

ದಾವಣಗೆರೆಯಿಂದ:

ಆರ್ಥೋ ಅನ್ನುವ ಮಾತಿಗೆ ನಾನೂ ಸೋತವಳು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ ನಮ್ಮ ಅತ್ತೆಗೆ ಇದೇ ತೊಂದರೆ ಇತ್ತು. ಸೊಂಟಕ್ಕೆ ಗಟ್ಟಿ ಹಾಸಿಗೆ ಒಳ್ಳೆಯದು ಎಂದು ಎಲ್ಲರೂ ಹೇಳಿದ್ದು ಕೇಳಿ 8 ಇಂಚಿನ ಆರ್ಥೋ ತಂದೆವು. ಬೆರಳಲ್ಲಿ ಒತ್ತಿದರೆ ಹಲಗೆ ಒತ್ತಿದ ಹಾಗಿತ್ತು. ಅಂಗಡಿಯವರು ಅದನ್ನೇ ಗುಣ ಎಂದು ತೋರಿಸಿದರು. ಎರಡು ವಾರಕ್ಕೆ ಅತ್ತೆಗೆ ಸೊಂಟದ ಜೊತೆ ಎಡಭುಜವೂ ನೋಯತೊಡಗಿತು. ನಾವು ದುಡ್ಡು ಕೊಟ್ಟು ತಂದಿದ್ದೇವೆ ಎಂದು ಅವರು ಬಾಯಿಬಿಡಲಿಲ್ಲ. ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ನೋಡಿದೆ, ಅತ್ತೆ ಮಂಚದ ಪಕ್ಕ ನೆಲದಲ್ಲಿ ಹಳೆಯ ಹತ್ತಿ ಹಾಸಿಗೆ ಹಾಸಿಕೊಂಡು ಮಲಗಿದ್ದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಜಿಪ್ ತೆಗೆದು ನೋಡಿದೆವು. ಮೇಲೆ ಒಂದೇ ಇಂಚು ಮೆತ್ತನೆಯ ಫೋಮ್. ಅದರ ಕೆಳಗೆ ಏಳು ಇಂಚು ಬಣ್ಣಬಣ್ಣದ ಚೂರುಗಳನ್ನು ಒತ್ತಿ ಅಂಟಿಸಿದ ಗಟ್ಟಿ. ನಮ್ಮೂರ ಮಂಡಕ್ಕಿ ಉಂಡೆಯನ್ನು ಚಪ್ಪಟೆ ಮಾಡಿಟ್ಟ ಹಾಗೆ. ಅದಕ್ಕೆ ಬಾಂಡೆಡ್ ಫೋಮ್ ಅಥವಾ ರೀಬಾಂಡೆಡ್ ಫೋಮ್ ಎನ್ನುತ್ತಾರೆ. ಫೋಮ್ ಕತ್ತರಿಸುವಾಗ ಉಳಿದ ತುಂಡುಗಳಿಂದ ಮಾಡುತ್ತಾರೆ. ಅದು ಕೆಟ್ಟ ಮಾಲು ಅಂತ ಹೇಳುತ್ತಿಲ್ಲ, ಬೇಗ ಕುಸಿಯುವುದಿಲ್ಲ, ತಳಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ನಮ್ಮ ಅತ್ತೆ 48 ಕೆಜಿ, ಮಲಗುವುದು ಮಗ್ಗುಲಲ್ಲಿ. ಅಷ್ಟು ಹಗುರ ಮೈಗೆ ಆ ಗಟ್ಟಿ ಬಗ್ಗುವುದೇ ಇಲ್ಲ. ಭುಜದ ಮೂಳೆ, ಚಪ್ಪೆಯ ಮೂಳೆ ಎರಡರ ಮೇಲೇ ಇಡೀ ಭಾರ, ನಡುವಿನ ಸೊಂಟ ಗಾಳಿಯಲ್ಲಿ.

ಆರ್ಥೋ ಅನ್ನುವುದು ಹಾಸಿಗೆಗೆ ಕಂಪನಿಗಳು ತಾವೇ ಇಟ್ಟುಕೊಳ್ಳುವ ಹೆಸರು, ಮೂಳೆ ಡಾಕ್ಟರು ನೋಡಿ ಕೊಟ್ಟ ಸರ್ಟಿಫಿಕೇಟ್ ಅಲ್ಲ. ಒಂದು ಕಂಪನಿಯ ಆರ್ಥೋ ಕಲ್ಲಿನಂತಿದ್ದರೆ ಇನ್ನೊಂದರದ್ದು ಮೆಮೊರಿ ಫೋಮ್ ಇರುವ ಹದವಾದ ಹಾಸಿಗೆ ಆಗಿರಬಹುದು. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ಅಧ್ಯಯನವೊಂದು ಬಂದಿತ್ತು. ಬಹುದಿನದಿಂದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ಮಲಗಿಸಿದರು. ಹೆಚ್ಚು ಆರಾಮ ಸಿಕ್ಕಿದ್ದು ಮಧ್ಯಮದಲ್ಲಿ ಮಲಗಿದವರಿಗೆ. ಇದು ನನಗೆ ಗೊತ್ತಾಗಿದ್ದು ಹಾಸಿಗೆ ತಂದ ಮೇಲೆ.

ಈಗ ಅಂಗಡಿಗೆ ಹೋದರೆ ಹೀಗೆ ನೋಡುತ್ತೇನೆ. ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈ ತೂರಿಸಿ. ಕೈ ಸರಾಗವಾಗಿ ಆಚೆಯಿಂದ ಈಚೆ ಓಡಾಡಿದರೆ ಆ ಮೈಗೆ ಅದು ಗಟ್ಟಿ ಜಾಸ್ತಿ. ಕೈ ತೂರುವುದೇ ಇಲ್ಲ ಎಂದರೆ ಮೈ ಹೂತುಹೋಗಿದೆ. ಸ್ವಲ್ಪ ಬಿಗಿಯಾಗಿ ಹೋಗಬೇಕು. ಆಮೇಲೆ ಮಗ್ಗುಲಾಗಿ ಮಲಗಿಸಿ, ಬೆನ್ನ ಹಿಂದೆ ನಿಂತು ನೋಡಿ. ಕತ್ತಿನಿಂದ ಬಾಲಮೂಳೆಯವರೆಗೆ ಗೆರೆ ನೇರವಾಗಿರಬೇಕು, ತೊಟ್ಟಿಲಿನ ಹಾಗೆ ಬಗ್ಗಿರಬಾರದು. ಎರಡು ನಿಮಿಷಕ್ಕೆ ಎದ್ದುಬಿಡಬೇಡಿ, ಹತ್ತು-ಹದಿನೈದು ನಿಮಿಷ ಮಲಗಬೇಕು. ಅಂಗಡಿಯವರ ಎದುರು ಮಲಗಲು ನಮ್ಮ ಹೆಂಗಸರಿಗೆ ಸಂಕೋಚ, ಅದು ನನಗೂ ಗೊತ್ತು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಕರೆದುಕೊಂಡು ಹೋಗಿ. ಮಲಗುವವರನ್ನು ಬಿಟ್ಟು ಬೇರೆಯವರು ಮಲಗಿ ನೋಡಿ ತಂದರೆ ನನ್ನ ಕಥೆಯೇ ಆಗುತ್ತದೆ.

ನಾವು ಆ ಹಾಸಿಗೆ ಎಸೆಯಲಿಲ್ಲ. ಮೇಲೆ 2 ಇಂಚಿನ ಲೇಟೆಕ್ಸ್ ಟಾಪರ್, ಅಂದರೆ ಹಾಸಿಗೆಯ ಮೇಲೆ ಹಾಸುವ ರಬ್ಬರಿನ ತೆಳು ಪದರ, ಹಾಕಿಸಿದೆವು. ಅತ್ತೆ ಮಂಚಕ್ಕೆ ಮರಳಿದರು. ಗಟ್ಟಿ ಹಾಸಿಗೆ ತಂದು ಪೇಚಾಡುತ್ತಿರುವವರು ಮೊದಲು ಇದನ್ನು ಮಾಡಿ ನೋಡಿ. ಆದರೆ ಗುಂಡಿ ಬಿದ್ದ ಹಾಸಿಗೆಗೆ ಟಾಪರ್ ಹಾಕಬೇಡಿ, ಅದೂ ಗುಂಡಿಯ ಜೊತೆಗೇ ಇಳಿಯುತ್ತದೆ.

ತುಮಕೂರಿನಿಂದ:

ನಾನು ಎಂಟು ವರ್ಷ ಹಾಸಿಗೆ ಅಂಗಡಿಯಲ್ಲಿ ಕೆಲಸ ಮಾಡಿದವನು, ಈಗ ಬಿಟ್ಟಿದ್ದೇನೆ. ದಾವಣಗೆರೆಯ ಅಕ್ಕ ಹೇಳಿದ್ದು ಸರಿ. ಒಳಗೇನಿದೆ ಎಂದು ಕೇಳುವ ಗಿರಾಕಿ ನೂರಕ್ಕೆ ಐದು ಜನ ಇರುತ್ತಿರಲಿಲ್ಲ. ಎಲ್ಲರೂ ಕೇಳುತ್ತಿದ್ದುದು ಎರಡೇ ಪ್ರಶ್ನೆ, ಎಷ್ಟು ಇಂಚು, ಎಷ್ಟು ವರ್ಷ ವಾರಂಟಿ.

ಸರ್, ನೀವು ಡೆನ್ಸಿಟಿ ಕೇಳಿ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನುವ ಲೆಕ್ಕ ಅದು. 32 ಡೆನ್ಸಿಟಿ, 40 ಡೆನ್ಸಿಟಿ ಎಂದು ಅಂಗಡಿಯಲ್ಲಿ ಮಾತಾಡುತ್ತಾರೆ. ಇದು ಗಟ್ಟಿತನದ ಅಳತೆ ಅಲ್ಲ, ಬಹಳ ಜನ ಹಾಗೆ ತಿಳಿದಿದ್ದಾರೆ. 40 ಡೆನ್ಸಿಟಿಯ ಮೆತ್ತನೆ ಫೋಮೂ ಇದೆ, 28ರ ಗಟ್ಟಿ ಫೋಮೂ ಇದೆ. ಡೆನ್ಸಿಟಿ ಹೇಳುವುದು ಬಾಳಿಕೆಯನ್ನು. ದಿನಾ ಇಬ್ಬರು ಮಲಗುವ ಹಾಸಿಗೆಗೆ 40ಕ್ಕಿಂತ ಕೆಳಗೆ ನಾನು ನಮ್ಮ ಮನೆಗೆ ತರುವುದಿಲ್ಲ.

ಅವರು ಹೇಳಿದ್ದು ನಿಜವೋ ಅಲ್ಲವೋ ನೋಡುವ ದಾರಿ ತಕ್ಕಡಿ. ಉದ್ದ, ಅಗಲ, ದಪ್ಪ ಮೂರನ್ನೂ ಇಂಚಿನಲ್ಲಿ ಗುಣಿಸಿ 61,000ದಿಂದ ಭಾಗಿಸಿ, ಬಂದದ್ದನ್ನು ಡೆನ್ಸಿಟಿಯಿಂದ ಗುಣಿಸಿ. 72 ಇಂಚು ಉದ್ದ, 60 ಅಗಲ, 6 ದಪ್ಪದ ಫೋಮ್ 40 ಡೆನ್ಸಿಟಿ ಇದ್ದರೆ 17 ಕೆಜಿ ಬರಬೇಕು. 28 ಇದ್ದರೆ 12 ಕೆಜಿ ಅಷ್ಟೇ. ಬಟ್ಟೆಗೆ ಒಂದೆರಡು ಕೆಜಿ ಸೇರಿಸಿಕೊಳ್ಳಿ. ಗೂಡ್ಸ್ ಆಟೋಗೆ ಹಾಕುವ ಮುಂಚೆ ತೂಗಿಸಿ ಎಂದರೆ ಮುಖ ನೋಡುತ್ತಾರೆ, ನೋಡಲಿ. ಪದರ ಪದರ ಇದ್ದರೆ ಪ್ರತಿ ಪದರಕ್ಕೆ ಬೇರೆ ಲೆಕ್ಕ ಹಾಕಬೇಕು. ಬಾಂಡೆಡ್ ಭಾಗ ತುಂಬ ಭಾರ, ಅದನ್ನು ಮರೆಯಬೇಡಿ.

ಇನ್ನೊಂದು. ಯಾವ ಪದರ, ಎಷ್ಟು ಇಂಚು, ಎಷ್ಟು ಡೆನ್ಸಿಟಿ ಎಂದು ಬಿಲ್ಲಿನಲ್ಲೇ ಬರೆಸಿ. ಬರೆಯಲ್ಲ ಎಂದವರ ಹತ್ತಿರ ಕೊಳ್ಳಬೇಡಿ. ವಾರಂಟಿ ಕಾರ್ಡಿನಲ್ಲಿ ಎಷ್ಟು ಗುಂಡಿ ಬಿದ್ದರೆ ಬದಲಾಯಿಸಿ ಕೊಡುತ್ತಾರೆ ಅನ್ನುವುದನ್ನು ಓದಿ. ಸಾಮಾನ್ಯವಾಗಿ ಒಂದು ಇಂಚಿಗೂ ಮೇಲೆ ಇಳಿದಿರಬೇಕು ಅಂತಿರುತ್ತದೆ, ಅದೂ ಯಾರೂ ಮಲಗಿರದಾಗ ಅಳೆದು. ಕಲೆ ಇದ್ದರೆ ವಾರಂಟಿ ಇಲ್ಲ ಅಂತಲೂ ಇರುತ್ತದೆ. ಹತ್ತು ವರ್ಷದ ವಾರಂಟಿ ಒಂದು ಲೋಟ ಕಾಫಿ ಚೆಲ್ಲಿದ್ದಕ್ಕೆ ಹೋದದ್ದನ್ನು ನಾನು ಕೌಂಟರಿನಲ್ಲಿ ನಿಂತು ನೋಡಿದ್ದೇನೆ. ನೀರಿಳಿಯದ ಪ್ರೊಟೆಕ್ಟರ್ ಹೊದಿಕೆ ಮೊದಲ ದಿನವೇ ಹಾಕಿ.

ಪುತ್ತೂರಿನಿಂದ:

ತರೀಕೆರೆ ಅಂದರೆ ಮಲೆನಾಡಿನ ಸೆರಗು, ಹಾಗಾಗಿ ಮಳೆಗಾಲದ ಬಗ್ಗೆ ಹೇಳಬೇಕು ಅನ್ನಿಸಿತು. ನಮ್ಮಲ್ಲಿ ಹಾಸಿಗೆ ಹಾಳಾಗುವುದು ಮಲಗಿ ಅಲ್ಲ ಮಾರಾಯ್ರೆ, ಥಂಡಿಯಿಂದ. ನಮ್ಮದು ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚ, ಮೇಲೆ ಪೂರ್ತಿ ಪ್ಲೈವುಡ್. ಎರಡನೇ ಮಳೆಗಾಲಕ್ಕೆ ಹಾಸಿಗೆ ಎತ್ತಿ ನೋಡುವಾಗ ಅಡಿಯಲ್ಲಿ ಅಂಗೈ ಅಗಲಕ್ಕೆ ಬೂಷ್ಟು ಹಿಡಿದಿತ್ತು. ಮೈಯ ಬೆವರಿನ ಪಸೆ ಕೆಳಗೆ ಇಳಿಯುತ್ತದೆ, ಹೋಗಲಿಕ್ಕೆ ದಾರಿ ಇಲ್ಲ. ಬಡಗಿಯನ್ನು ಕರೆಸಿ ಪ್ಲೈವುಡ್‌ಗೆ ಗೇಣಿಗೊಂದು ತೂತು ಕೊರೆಸಿದ ಮೇಲೆ ಸರಿಯಾಯಿತು. ನಿಮ್ಮ ಮಂಚದಲ್ಲಿ ಪಟ್ಟಿಗಳಿದ್ದರೆ ಒಳ್ಳೆಯದೇ, ಆದರೆ ಪಟ್ಟಿಗಳ ನಡುವೆ ಸಂದು ಜಾಸ್ತಿ ಇದ್ದರೆ ಫೋಮ್ ಅಲ್ಲಿ ಇಳಿಬೀಳುತ್ತದೆ, ನೋಡಿಕೊಳ್ಳಿ. ಹಳೆಯ ಹಾಸಿಗೆಯ ಗುಂಡಿಗೆ ಪಟ್ಟಿ ಬಗ್ಗಿದ್ದೂ ಕಾರಣ ಇರಬಹುದು. ಹಾಸಿಗೆ ತೆಗೆದು ಮಂಚಕ್ಕೆ ಅಡ್ಡಲಾಗಿ ಒಂದು ನೇರ ಕೋಲು ಇಟ್ಟರೆ ಗೊತ್ತಾಗುತ್ತದೆ.

ನಮ್ಮ ಕಡೆ ತುಂಬ ಮನೆಗಳಲ್ಲಿ ಹಾಸಿಗೆ ಅಂದರೆ ಕರ್ಲಾನ್ ಅಂತಲೇ. ಮಣಿಪಾಲದವರು 1962ರಲ್ಲಿ ಶುರು ಮಾಡಿದ್ದು, ತೆಂಗಿನ ನಾರನ್ನು ಸುರುಳಿ ಮಾಡಿ ರಬ್ಬರಿನ ಹಾಲು ಸಿಂಪಡಿಸಿ ಒತ್ತಿದ ಹಾಸಿಗೆ. 2023ರಲ್ಲಿ ಅದು ಸ್ಲೀಪ್‌ವೆಲ್‌ನ ಶೀಲಾ ಫೋಮ್ ಕೈಗೆ ಹೋಯಿತು. ಹಳೆಯ ಹೆಸರು ನೋಡಿ ನಾರಿನದೇ ಅಂದುಕೊಳ್ಳಬೇಡಿ, ಅದೇ ಹೆಸರಲ್ಲಿ ಈಗ ಫೋಮ್, ಸ್ಪ್ರಿಂಗ್ ಎಲ್ಲ ಉಂಟು. ನಾರಿನ ಹಾಸಿಗೆಯಲ್ಲಿ ಗಾಳಿ ಆಡುತ್ತದೆ, ಸೆಕೆಗೆ ಹಿತ, ಗಟ್ಟಿ ಬೇಕಾದವರಿಗೆ ಈಗಲೂ ಒಳ್ಳೆಯದೇ. ವರ್ಷಗಳಾದ ಮೇಲೆ ನಾರು ಮುರಿದು ಗುಂಡಿ ಬೀಳುತ್ತದೆ, ನಿಮ್ಮಲ್ಲಿ ಆದದ್ದು ಅದೇ.

ಮೆಮೊರಿ ಫೋಮ್ ನಮಗೆ ಆಗಲಿಲ್ಲ. ಅದು ಮೈಯ ಬಿಸಿಗೆ ಮೆತ್ತಗಾಗಿ ಮೈಯನ್ನು ತಬ್ಬಿಕೊಳ್ಳುವ ವಸ್ತು. ಏಪ್ರಿಲ್‌ನಲ್ಲಿ ಕರೆಂಟು ಹೋದ ರಾತ್ರಿ ಬೆನ್ನೆಲ್ಲ ಒದ್ದೆ. ವಯಸ್ಸಾದವರಿಗೆ ಅದರಲ್ಲಿ ಮಗ್ಗುಲು ಬದಲಿಸಲಿಕ್ಕೂ ಕಷ್ಟ. ಲೇಟೆಕ್ಸ್ ಒತ್ತಿದ ಕೂಡಲೇ ಎದ್ದುಬರುತ್ತದೆ, ಹಾಗಾಗಿ ಹೊರಳುವುದು ಸುಲಭ. ಆದರೆ ಪೂರ್ತಿ ಲೇಟೆಕ್ಸ್ ನಿಮ್ಮ ಬಜೆಟಿಗೆ ಬರುವುದಿಲ್ಲ, ಆ ಬೆಲೆಗೆ ಯಾರಾದರೂ ಕೊಡುತ್ತೇನೆ ಅಂದರೆ ಎಷ್ಟು ಇಂಚು ಲೇಟೆಕ್ಸ್, ಕೆಳಗೆ ಏನು ಎಂದು ಕೇಳಿ.

ಹುಬ್ಬಳ್ಳಿಯಿಂದ:

ಗಾದಿ ಬಗ್ಗೆ ಯಾರೂ ಹೇಳಲಿಲ್ಲ ನೋಡ್ರಿ. ನಮ್ಮ ಕಡೆ ಈಗಲೂ ಹತ್ತಿ ಗಾದಿ ಮಾಡಿಸ್ತೀವಿ. ನದಾಫರು ಹಳೇ ಗಾದಿ ಬಿಚ್ಚಿ, ಹತ್ತಿ ಹಿಂಜಿ, ಹೊಸದು ಸ್ವಲ್ಪ ಸೇರಿಸಿ, ದೊಡ್ಡ ಸೂಜಿಯಿಂದ ಹೊಲಿದು ಕೊಡ್ತಾರ. ಮೊದಲು ಹತ್ತಿ ಹಿಂಜೋ ಬಿಲ್ಲು ಹೆಗಲಿಗೆ ಹಾಕ್ಕೊಂಡು ಓಣಿಗೆ ಬರ್ತಿದ್ರು, ಈಗ ಮಷೀನಿನ್ಯಾಗ ಹಿಂಜ್ತಾರ. ಎರಡು-ಮೂರು ವರ್ಷಕ್ಕ ಹತ್ತಿ ಗಂಟು ಕಟ್ಟತದ, ಮತ್ತ ಹಿಂಜಿಸಬೇಕು. ವಾರಕ್ಕೊಮ್ಮೆ ಬಿಸಿಲಿಗೆ ಹಾಕಬೇಕು, ಅದು ಭಾರ, 62 ವಯಸ್ಸಿನವರ ಕೈಲೆ ಆಗೂದಲ್ಲ. ಎತ್ತಿ ಹಾಕೋರು ಮನ್ಯಾಗ ಇದ್ರ ಮಾತ್ರ ಮಾಡಿಸ್ರಿ. ನಮ್ಮ ಅಪ್ಪಾರು 81ರ ತನಕ ಗಾದಿ ಮ್ಯಾಲೇ ಮಲಗಿದ್ರು, ಬ್ಯಾರೆ ಯಾವುದೂ ಒಗ್ಗಲಿಲ್ಲ.

ಬೆಂಗಳೂರಿನಿಂದ:

ಆನ್‌ಲೈನ್ ಬಗ್ಗೆ ಒಂದೇ ಎಚ್ಚರಿಕೆ. ನೂರು ರಾತ್ರಿ ಮಲಗಿ ನೋಡಿ, ಹಿಡಿಸದಿದ್ದರೆ ಹಣ ವಾಪಸ್ ಅನ್ನುವುದನ್ನು ನಂಬಿ ಊರಿನ ಮನೆಗೆ ತರಿಸಿದ್ದೆ. ಸುರುಳಿ ಸುತ್ತಿ ಬಂತು, ಬಿಚ್ಚಿ ಒಂದು ದಿನ ಬಿಟ್ಟ ಮೇಲೆ ಪೂರ್ತಿ ಉಬ್ಬಿತು. ಮೊದಲ ವಾರ ವಾಸನೆ ಇತ್ತು, ಕಿಟಕಿ ತೆಗೆದಿಟ್ಟಾಗ ಹೋಯಿತು. ಹಾಸಿಗೆ ಅಪ್ಪನಿಗೆ ಆಗಲಿಲ್ಲ. ವಾಪಸ್ ಕೇಳಿದಾಗ ಮಂಚದ ಅಳತೆಗೆ ವಿಶೇಷವಾಗಿ ಮಾಡಿಸಿದ್ದಕ್ಕೆ ವಾಪಸ್ ಇಲ್ಲ ಎಂದರು. ಷರತ್ತಿನಲ್ಲಿ ಬರೆದೇ ಇತ್ತು, ನಾನು ಓದಿರಲಿಲ್ಲ. ನಿಮ್ಮದೂ ಬಡಗಿ ಮಾಡಿದ ಮಂಚ. ಸಿದ್ಧ ಅಳತೆ 72, 75, 78 ಇಂಚು ಉದ್ದದಲ್ಲಿ ಬರುತ್ತದೆ, ನಮ್ಮ ಹಳೆಯ ಮಂಚಗಳು ಇದಕ್ಕೆ ಕೂರುವುದು ಅಪರೂಪ. ಹಾಗಾಗಿ ಮೊದಲು ಮಂಚದ ಒಳಅಳತೆ ತೆಗೆಯಿರಿ, ತಲೆ ಕಡೆ ಅಗಲ, ಕಾಲ ಕಡೆ ಅಗಲ ಎರಡನ್ನೂ.

ಕೇಳಿದವರು:

ಎಲ್ಲರಿಗೂ ಕೈಮುಗಿದೆ. ಅಪ್ಪನಿಗೆ ಫೋನ್ ಮಾಡಿ ಟೇಪ್ ಹಿಡಿಸಿದೆ. ಒಳಗೆ 74 ಇಂಚು ಉದ್ದ, ತಲೆ ಕಡೆ 60, ಕಾಲ ಕಡೆ ಐವತ್ತೊಂಬತ್ತೂವರೆ. ನೆಲದಿಂದ ಮಂಚದ ಎತ್ತರ 17 ಇಂಚು. ಹಳೆಯ ಹಾಸಿಗೆ 4 ಇಂಚು. ನಾನು 8 ಇಂಚಿನದು ತರಬೇಕು ಎಂದಿದ್ದೆ, ದಪ್ಪ ಇದ್ದಷ್ಟೂ ಒಳ್ಳೆಯದಲ್ಲವೇ?

ದಾವಣಗೆರೆಯಿಂದ:

ಬೇಡ ತಮ್ಮ. 17ಕ್ಕೆ 8 ಸೇರಿಸಿದರೆ 25 ಇಂಚು. ಅಮ್ಮ ಅಂಚಿನಲ್ಲಿ ಕೂತರೆ ಪಾದ ನೆಲಕ್ಕೆ ಎಟುಕುವುದಿಲ್ಲ. ರಾತ್ರಿ ಬಚ್ಚಲಿಗೆ ಏಳುವಾಗ ಜಾರಿ ಇಳಿಯಬೇಕಾಗುತ್ತದೆ, ಬೀಳುವುದು ಆಗಲೇ. ನಮ್ಮ ಅತ್ತೆಗೆ ಟಾಪರ್ ಹಾಕಿದ ಮೇಲೆ ಇದೇ ಆಗಿ ಮಂಚದ ಕಾಲು ಮೂರು ಇಂಚು ಕತ್ತರಿಸಿಸಿದೆವು. ಕೂತಾಗ ಎರಡೂ ಪಾದ ಪೂರ್ತಿ ನೆಲ ಮುಟ್ಟಬೇಕು. ಅದಕ್ಕೆ ಹೊಂದುವ ಹಾಗೆ 5 ಇಂಚಿನದು ನೋಡಿ, ತಳದಲ್ಲಿ ಬಾಂಡೆಡ್ ಅಥವಾ ನಾರು 3 ಇಂಚು, ಮೇಲೆ 40 ಡೆನ್ಸಿಟಿ ಫೋಮ್ ಇಲ್ಲವೇ ಲೇಟೆಕ್ಸ್ 2 ಇಂಚು. ನಿಮ್ಮ ಬಜೆಟಿನಲ್ಲಿ ಈ ಜೋಡಿಯನ್ನು ಕೇಳಿನೋಡಿ. ಅಂಚು ಗಟ್ಟಿ ಇದೆಯೇ ಅಂತ ಅಂಗಡಿಯಲ್ಲೇ ಅಂಚಿನ ಮೇಲೆ ಕೂರಿಸಿ ನೋಡಿ. ಇಷ್ಟೆಲ್ಲ ಆದ ಮೇಲೂ ತಿಂಗಳೊಳಗೆ ಸೊಂಟ ಸುಧಾರಿಸದಿದ್ದರೆ, ಅಥವಾ ನೋವು ಕಾಲಿಗೆ ಇಳಿಯುತ್ತಿದ್ದರೆ, ಹಾಸಿಗೆ ಮಾತು ಬಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕೇಳಿದವರು:

ಇದು ಹೊಳೆದೇ ಇರಲಿಲ್ಲ ಅಕ್ಕ. ಶನಿವಾರ ಊರಿಗೆ ಹೋಗುತ್ತಿದ್ದೇನೆ. ಅಮ್ಮನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ಅಂಗಡಿಯಲ್ಲೇ ಮಲಗಿಸಿ ನೋಡುತ್ತೇನೆ.

ದಾವಣಗೆರೆಯಿಂದ:

ಹೋಗುವಾಗ ಅವರು ದಿನಾ ಹಾಕಿಕೊಳ್ಳುವ ದಿಂಬನ್ನೂ ಒಂದು ಚೀಲದಲ್ಲಿ ತೆಗೆದುಕೊಂಡು ಹೋಗಿ. ಅಂಗಡಿಯ ದಿಂಬಿನಲ್ಲಿ ಕತ್ತು ಬೇರೆ ಥರ ಕೂರುತ್ತದೆ.