ದಪ್ಪ ತೊಡೆಯವರು ದೂರ ಸೈಕಲ್ ಹೊಡೆಯೋಕೆ ಆಗಲ್ವಾ?

ಕಲಬುರಗಿ ಪೈಲ್ವಾನ್:
ತೂಕ 84 ಕೆಜಿ, ವಯಸ್ಸು 31. ಆರು ವರ್ಷ ಗರಡಿ ಮಾಡಿದ ಮೈ. ಸೇಡಂ ರಸ್ತೆಯಲ್ಲಿ ಅರ್ಧ ಕಿಲೋಮೀಟರ್ ಜೋರಾಗಿ ತುಳಿದರೆ ನನ್ನನ್ನು ಹಿಡಿಯೋರಿಲ್ಲ. ಆದರೆ ಹೋದ ಭಾನುವಾರ ಹುಮನಾಬಾದಿಗೆ ಹೊರಟೆವು. ಕಮಲಾಪುರ ಬರುವಷ್ಟರಲ್ಲಿ ಕಾಲು ಕಲ್ಲಾದವು. ಕೆಂಪು ಬಾಳೆಹಣ್ಣಿನ ಬುಟ್ಟಿ ಪಕ್ಕ ಕೂತುಬಿಟ್ಟೆ. 58 ಕೆಜಿಯ ಗೆಳೆಯ, ಕಡ್ಡಿಯಂಥವನು, ಸೀಟಿ ಹೊಡೀತಾ ನಿಂತಿದ್ದ! ನನ್ನ ಮೈಕಟ್ಟು ದೂರದ ಸೈಕಲ್ಲಿಗೆ ಆಗಿಬರಲ್ವಾ?

ಹಳೇ ಚೈನು:
ಸ್ನಾಯುವಿನಲ್ಲಿ ನಿಧಾನದ ಎಳೆ, ವೇಗದ ಎಳೆ ಅಂತ ಇರುತ್ತವೆ. ವೇಗದವು ಜೋರು ಕೊಡುತ್ತವೆ, ಬೇಗ ಸುಸ್ತಾಗುತ್ತವೆ. ನಿಧಾನದವು ಆಮ್ಲಜನಕ ಬಳಸಿ ಗಂಟೆಗಟ್ಟಲೆ ದುಡಿಯುತ್ತವೆ. ಯಾರಿಗೆ ಯಾವುದು ಜಾಸ್ತಿ ಅನ್ನೋದರಲ್ಲಿ ಹುಟ್ಟಿನ ಪಾಲೂ ಇದೆ. ತೂಕ ಕಾಡೋದು ಏರಿನಲ್ಲಿ. ಸಮತಟ್ಟಿನಲ್ಲಿ ಗಾಳಿಯೇ ದೊಡ್ಡ ಶತ್ರು, ಅಲ್ಲಿ ನಿಮ್ಮ ಬಲ ಕೆಲಸಕ್ಕೆ ಬರುತ್ತದೆ. ಸ್ಪೇನಿನ ಸೈಕಲ್ ಸ್ಪರ್ಧಿ ಮಿಗೆಲ್ ಇಂಡುರೇನ್ ಸುಮಾರು 80 ಕೆಜಿಯ ಆಳು. 1991ರಿಂದ 1995ರವರೆಗೆ ಸತತ 5 ಸಲ ಟೂರ್ ಡಿ ಫ್ರಾನ್ಸ್ ಅನ್ನೋ ಬಹುದೂರದ ಸೈಕಲ್ ಸ್ಪರ್ಧೆ ಗೆದ್ದ.

ಬೀದರಿನ ಅಕ್ಕ:
ತಮ್ಮಾ, ಹೊರಡುವಾಗಲೇ ಜೋರು ತುಳಿದೆ ಅಲ್ವಾ? ಭಾರದ ಗೇರು ಬಿಡು, ಹಗುರ ಗೇರಲ್ಲಿ ನಿಮಿಷಕ್ಕೆ 80-90 ಸುತ್ತು ತುಳಿ. ಮಾತಾಡುತ್ತಾ ಹೋಗುವಷ್ಟೇ ವೇಗ ಇರಲಿ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಏನು ತಿಂದು ಹೊರಟಿದ್ದೆ?

ಕಲಬುರಗಿ ಪೈಲ್ವಾನ್:
ಅಕ್ಕಾ, ಒಂದು ಕಪ್ ಚಹಾ. ಸುಮ್ನೆ ತೊಡೆಗೆ ಬೈದೆ.