ಮಾಂಸ ಬಿಡದೆ, ನ್ಯಾಯವಾಗಿ ಕೊಳ್ಳುವುದು ಹೇಗೆ? ಬಲ್ಲವರು ಹೇಳಿ

ಪ್ರಶ್ನೆ: ಬೆಂಗಳೂರಿನಲ್ಲಿ ನಾಲ್ಕು ಜನರ ಮನೆ. ಬ್ರಾಯ್ಲರ್ ಕೋಳಿ ಶೆಡ್ಡಿನ ಸ್ಥಿತಿ, ಸಾಕುವವರಿಗೆ ಸಿಗುವ ಪುಡಿಗಾಸು ನೆನೆದರೆ ತುತ್ತು ಇಳಿಯುವುದಿಲ್ಲ. ‘ನಾಟಿ’ ತಂದರೆ ಸಾಕಾ?

ಉತ್ತರ: ಬೋರ್ಡ್ ನೋಡಬೇಡಿ, ಕೊಕ್ಕು ನೋಡಿ. ಮೊಟ್ಟೆ ಕಡಿಮೆಯಾದ ಫಾರಂ ಕೋಳಿಯನ್ನೇ ನಾಟಿ ಅಂತ ಮಾರುವುದುಂಟು. ಮರಿಯಲ್ಲೇ ತುದಿ ಸುಟ್ಟು ಕತ್ತರಿಸಿದ್ದರಿಂದ ಅದರ ಕೊಕ್ಕು ಮೊಂಡು. ಪಂಜರದ ತಂತಿಯ ಮೇಲೆ ಕೆದಕಲು ನೆಲವೇ ಇಲ್ಲದೆ ಉಗುರು ಉದ್ದ ಬೆಳೆದಿರುತ್ತದೆ, ಕತ್ತಿನ ಪುಕ್ಕ ಉದುರಿರುತ್ತದೆ. ತಿಪ್ಪೆ ಕೆದಕಿದ ಕೋಳಿಗೆ ಕೊಕ್ಕು ಚೂಪು, ಉಗುರು ಗಿಡ್ಡ. ಹೆಬ್ಬಾಳದ ಪಶುವೈದ್ಯ ಕಾಲೇಜಿನ ಗಿರಿರಾಜ ತಳಿ ಸಿಕ್ಕರೆ ಬೇಡ ಅನ್ನಬೇಡಿ, ಹಿತ್ತಲಲ್ಲಿ ಮೇಯಿಸಿದ್ದಾದರೆ ಒಳ್ಳೆಯದೇ. ನಾಟಿ ರೇಟು ಮಾತ್ರ ಕೊಡಬೇಡಿ.

ಇನ್ನೊಬ್ಬರು: ದುಬಾರಿ ಪ್ಯಾಕೆಟ್ ಕೊಂಡರೆ ರೈತನಿಗೆ ಹೆಚ್ಚು ಹೋಗುತ್ತದೆ ಅಂದುಕೊಳ್ಳಬೇಡಿ. ಕಾಂಟ್ರ್ಯಾಕ್ಟ್ ಸಾಕಣೆಯಲ್ಲಿ ಮರಿ, ಫೀಡು, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ನೀರು, ದುಡಿಮೆ ರೈತನದು. ಸುಮಾರು 40 ದಿನಕ್ಕೆ 2 ಕೆ.ಜಿ. ಬಂದಾಗ ಲಾರಿ ಬಂದು ಒಯ್ಯುತ್ತದೆ. ರೈತನಿಗೆ ಕೆ.ಜಿ. ಲೆಕ್ಕದಲ್ಲಿ ಸಾಕಿದ ಕೂಲಿ ಅಷ್ಟೆ. ಫೀಡು ಜಾಸ್ತಿ ಖರ್ಚಾದರೆ, ಏಪ್ರಿಲ್ ಬಿಸಿಲಿಗೆ ಕೋಳಿ ಸತ್ತರೆ ಹೊಡೆತ ಆ ಕೂಲಿಗೇ.

ಮತ್ತೊಬ್ಬರು: ವಾರವಾರ ಕೋಳಿ ತರುವುದನ್ನು ಕಡಿಮೆ ಮಾಡಿ, ತಿಂಗಳಿಗೊಮ್ಮೆ ಗುಡ್ಡೆ ಬಾಡು ಹಾಕಿಸಿ, ಅಂದರೆ ಹಲವು ಮನೆಯವರು ಸೇರಿ ಒಂದು ಕುರಿ ಕೊಂಡು ಬಾಡನ್ನು ಗುಡ್ಡೆ ಹಾಕಿ ಹಂಚಿಕೊಳ್ಳಿ. ಮಂಡ್ಯ, ರಾಮನಗರದ ಕಡೆ ಯುಗಾದಿ ಮರುದಿನದ ಹೊಸತೊಡಕಿಗೆ ಮಾಡುವ ಕ್ರಮವೇ. 24 ಕೆ.ಜಿ. ತೂಗುವ ಟಗರಿನಲ್ಲಿ ಮೂಳೆ ಸೇರಿ 11–12 ಕೆ.ಜಿ. ಬಾಡು ಸಿಗುತ್ತದೆ, 11 ಮನೆ ಸೇರಿದರೆ ತಲಾ ಒಂದು ಕೆ.ಜಿ. ಕುರಿ ಸಾಕಿದವರ ಹಟ್ಟಿಗೇ ಹೋಗಿ. ದಲ್ಲಾಳಿ ಬೆನ್ನ ಮೇಲೆ ಕೈಯಾಡಿಸಿ ಕಣ್ಣಂದಾಜಿನಲ್ಲಿ ಬೆಲೆ ಕಟ್ಟುತ್ತಾನೆ, ಸಾಕಿದವರು ಸೋಲುವುದು ಅಲ್ಲೇ. ತಕ್ಕಡಿ ಒಯ್ದು ಜೀವತೂಕಕ್ಕೆ ದುಡ್ಡು ಕೊಡಿ. ಗಬ್ಬದ ಕುರಿ ಬೇಡವೇ ಬೇಡ. ಕಾಲು ಕಟ್ಟಿ ಬೈಕಿನಲ್ಲಿ ಹೇರಬೇಡಿ: ಅದಕ್ಕೂ ಹಿಂಸೆ, ದಣಿದು ಬೆದರಿದ ಕುರಿಯ ಬಾಡು ಕಪ್ಪಾಗಿ ಬೇಗ ಕೆಡುತ್ತದೆ ಕೂಡ. ಹಿಂದಿನ ರಾತ್ರಿ ನೀರಿಟ್ಟು ಸುಮ್ಮನೆ ಬಿಡಿ. ಇನ್ನೊಂದು ಕುರಿಯ ಕಣ್ಣೆದುರು ಕಡಿಯಬೇಡಿ.

ಪಾಲಿನಲ್ಲಿ ಜಗಳ ಬರುವುದು ತೊಡೆ, ಲಿವರ್, ಕೊಬ್ಬಿಗೆ. ಬಾಳೆಲೆ ಹಾಸಿ ಮೊದಲು ತೊಡೆಯನ್ನು ಎಲ್ಲ ಗುಡ್ಡೆಗೂ ಹಾಕಿ, ಆಮೇಲೆ ಪಕ್ಕೆ, ಕತ್ತು, ಕೊನೆಗೆ ಲಿವರಿನ ಒಂದೊಂದು ತುಂಡು. ಪಾಲು ಹಾಕಿದವರು ತಮ್ಮ ಗುಡ್ಡೆಯನ್ನು ಕೊನೆಗೆ ಎತ್ತಿಕೊಳ್ಳಲಿ.

ಮೊದಲು ಉತ್ತರಿಸಿದವರು: ಪಂಜರದ ಕೋಳಿ ಬೇಡ ಅನ್ನುವ ನಿಯಮ ನಿಮ್ಮ ಮನೆಯ ಅಡುಗೆಗೆ ಇರಲಿ, ಶಾಲೆ ಮಕ್ಕಳ ಊಟಕ್ಕೆ ಬೇಡ. ಅಲ್ಲಿನ ಮೊಟ್ಟೆ ಬಹುಪಾಲು ಪಂಜರದ ಕೋಳಿಯದೇ, ನಿಜ. ಆದರೆ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಕೆಲವು ಮಠಾಧೀಶರು ಮಾಡಿದ ವಿರೋಧಕ್ಕೆ ನಮ್ಮ ಮಾತು ಬಲ ಕೊಡಬಾರದು.

ಪ್ರಶ್ನೆ ಕೇಳಿದವರು: ನಮ್ಮದು ಫ್ಲ್ಯಾಟು. ತಲೆ, ಕಾಲು, ಬೋಟಿ ಯಾರೂ ಒಯ್ಯದಿದ್ದರೆ?

ಗುಡ್ಡೆ ಬಾಡಿನವರು: ಊರಲ್ಲೇ ಮುಗಿಸಿಕೊಂಡು ಐಸ್ ಡಬ್ಬದಲ್ಲಿ ತನ್ನಿ. ಬೋಟಿಯನ್ನು ಬಿಸಿನೀರಲ್ಲಿ ಉಜ್ಜಿ ತೊಳೆಯುವುದೂ ಅಲ್ಲೇ ಆಗಲಿ, ಫ್ಲ್ಯಾಟಿನ ಸಿಂಕಿನಲ್ಲಿ ಆಗುವ ಕೆಲಸವಲ್ಲ. ಯಾವುದು ಯಾರಿಗೆ ಎಂದು ದುಡ್ಡು ಹಾಕುವ ಮೊದಲೇ ಬರೆದುಕೊಳ್ಳಿ. ಯಾರಿಗೂ ಬೇಡವಾದರೆ ಕಡಿದುಕೊಟ್ಟವರಿಗೆ ಕೊಡಿ, ಕೂಲಿಯ ಜೊತೆಗೆ. ಕೂಲಿಯ ಬದಲಿಗೆ ಅಲ್ಲ.